ನೀವು ನೀವೇ ಎಂಬುದಕ್ಕೆ ಪುರಾವೆ ಏನು?

ಜೂನ್ ತಿಂಗಳು ಬಂದು ಕಾಲೇಜುಗಳ ಬಾಗಿಲು ತೆರೆಯಿತೆಂದರೆ ಅಥಣಿಯಂಥ ಊರಿನ ಬ್ಯಾಂಕುಗಳಲ್ಲಿ ಒಂದು ಹೊಸ ಬಗೆಯ ಗಿರಾಕಿಗಳನ್ನು ಕಾಣಬಹುದು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹತ್ತೆಂಟು ಕಾಗದ, ಪಕ್ಕದಲ್ಲಿ ತಂದೆ ಅಥವಾ ತಾಯಿ. ವಿದ್ಯಾರ್ಥಿವೇತನ ಬರಬೇಕಾದರೆ ಬ್ಯಾಂಕಿನಲ್ಲಿ ಖಾತೆ ಇರಬೇಕೆಂದು ಕಾಲೇಜಿನವರು ಹೇಳಿರುತ್ತಾರೆ. ಖಾತೆ ತೆರೆಯಬೇಕಾದರೆ ಗುರುತಿನ ದಾಖಲೆ ಬೇಕೆಂದು ಬ್ಯಾಂಕಿನವರು ಹೇಳುತ್ತಾರೆ. ಚೀಲದೊಳಗಿನ ಕಾಗದಗಳಲ್ಲಿ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದು ಮಾತ್ರ ಬಹುಮಂದಿಗೆ ತಿಳಿಯದು.

ಇಂಥ ವಿದ್ಯಾರ್ಥಿನಿಯೊಬ್ಬಳನ್ನು ನಾವು ಕಲ್ಪಿಸಿಕೊಳ್ಳೋಣ. ಅವಳಿಗೆ ವಯಸ್ಸು ಹದಿನಾರು. ಕೃಷ್ಣಾ ನದಿಯ ದಂಡೆಯ ಹಳ್ಳಿಯೊಂದು ಅವಳ ಊರು. ಎಸ್.ಎಸ್.ಎಲ್.ಸಿ. ಮುಗಿಸಿ ಅಥಣಿಯಲ್ಲಿ ಪದವಿಪೂರ್ವ ತರಗತಿಗೆ ಸೇರಿದ್ದಾಳೆ. ಅವಳ ಚೀಲದಲ್ಲಿ ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಚೀಟಿ, ಮನೆಯ ರೇಷನ್ ಕಾರ್ಡು, ಶಾಲೆಯ ಗುರುತಿನ ಚೀಟಿ ಇವೆ. ಎಲ್ಲದರಲ್ಲಿಯೂ ಅವಳ ಹೆಸರಿದೆ. ಆದರೆ ಯಾವ ಎರಡರಲ್ಲಿಯೂ ಆ ಹೆಸರು ಒಂದೇ ಬಗೆಯಾಗಿ ಬರೆದಿಲ್ಲ! ಈ ಹುಡುಗಿಗೆ ಬರಬೇಕಾದ ಹಣ ಅವಳ ಕೈ ಸೇರುವುದೋ ಇಲ್ಲವೋ ಎಂಬುದು ಈ ಕಾಗದಗಳನ್ನು ಅವಳು ಹೇಗೆ ಆರಿಸುತ್ತಾಳೆ ಎಂಬುದನ್ನು ಅವಲಂಬಿಸಿದೆ. ಈ ಆಯ್ಕೆಯ ಹಿಂದೆ ಕಾನೂನು ಇರುವಂತೆಯೇ ಗಣಿತವೂ ಜೀವಶಾಸ್ತ್ರವೂ ಇವೆ. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೂರು ಪ್ರಶ್ನೆಗಳು

ಒಂದಾನೊಂದು ಕಾಲದಲ್ಲಿ ಬ್ಯಾಂಕಿಗೆ ಕಾಗದಗಳ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ಅದರ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ದಿನವೂ ಕಾಣುವ ಮುಖವೇ ಅಲ್ಲಿ ದಾಖಲೆ. ಮುಂದೆಯೂ ಬಹುಕಾಲ ಹೊಸಬನನ್ನು ಹಳೆಯ ಖಾತೆದಾರನೊಬ್ಬನು ಪರಿಚಯಿಸಿ ರುಜು ಹಾಕಿದರೆ ಸಾಕಾಗುತ್ತಿತ್ತು. ಆದರೆ ಈಗ ಅಥಣಿಯಲ್ಲಿ ತೆರೆದ ಖಾತೆಯಿಂದ ಕ್ಷಣಮಾತ್ರದಲ್ಲಿ ಗುವಾಹಾಟಿಗೆ ಹಣ ಹೋಗುತ್ತದೆ. ಅಲ್ಲಿಯವರಿಗೆ ಅಥಣಿಯ ಮುಖಗಳ ಪರಿಚಯವಿಲ್ಲ. ಆದುದರಿಂದ ಪರಿಚಯದ ಸ್ಥಾನವನ್ನು ಪುರಾವೆ ಆಕ್ರಮಿಸಿತು. 2002ರಲ್ಲಿ ಸಂಸತ್ತು ಅಂಗೀಕರಿಸಿದ, 2005ರ ಜುಲೈ 1ರಿಂದ ಜಾರಿಗೆ ಬಂದ ಅಕ್ರಮ ಹಣ ವರ್ಗಾವಣೆ ತಡೆ ಕಾನೂನು ಮತ್ತು ಅದರ ಅಡಿಯ ನಿಯಮಗಳು ಬ್ಯಾಂಕುಗಳಿಗೆ ಈ ಹೊಣೆಯನ್ನು ಹೊರಿಸಿವೆ. ನಿಮ್ಮ ಗಿರಾಕಿಯನ್ನು ನೀವು ಅರಿಯಿರಿ ಎಂಬುದೇ ಅದರ ಸಾರ. 'ಕೆ.ವೈ.ಸಿ.' ಎಂದು ಎಲ್ಲರ ಬಾಯಲ್ಲಿ ಬರುವ ಮೂರಕ್ಷರಗಳ ಅರ್ಥವೂ ಇದೇ.

ಬ್ಯಾಂಕು ಕೇಳುವ ಪ್ರಶ್ನೆಗಳು ಮೂರು. ನೀನು ಯಾರು? ಎಲ್ಲಿ ವಾಸಿಸುತ್ತೀ? ನಿನ್ನ ವಯಸ್ಸೆಷ್ಟು? ದೊಡ್ಡವರ ವಿಷಯದಲ್ಲಿ ಮೂರನೆಯ ಪ್ರಶ್ನೆಗೆ ಹೆಚ್ಚು ಮಹತ್ವವಿಲ್ಲ. ಹದಿಹರೆಯದವರಿಗೆ ಅದೇ ಮುಖ್ಯ. 1875ರ ಭಾರತೀಯ ಪ್ರಾಪ್ತವಯಸ್ಕತೆಯ ಕಾನೂನಿನಂತೆ 18 ವರ್ಷ ತುಂಬುವವರೆಗೆ ನಾವು ಅಪ್ರಾಪ್ತವಯಸ್ಕರು. ಅಪ್ರಾಪ್ತವಯಸ್ಕನು ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧುವೆಂದು ಮೊಹೊರಿ ಬೀಬಿಯ ಪ್ರಖ್ಯಾತ ಮೊಕದ್ದಮೆಯಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಹದಿನಾರರ ಹುಡುಗನಿಗೆ ಬ್ಯಾಂಕು ಸಾಲ ಕೊಟ್ಟರೆ ಅದನ್ನು ವಸೂಲು ಮಾಡುವ ದಾರಿ ಅದಕ್ಕಿಲ್ಲ. ಹಾಗಾದರೆ ಅವನು ಖಾತೆಯನ್ನೇ ತೆರೆಯಬಾರದೆ? ತೆರೆಯಬಹುದು. 2025ರ ಏಪ್ರಿಲ್ 21ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯಂತೆ, 10 ವರ್ಷಕ್ಕೆ ಕಡಿಮೆಯಿಲ್ಲದ ಮಕ್ಕಳು ತಾವೇ ಉಳಿತಾಯ ಖಾತೆಯನ್ನು ತೆರೆದು ನಡೆಸಬಹುದು. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ನಿರ್ಧರಿಸುತ್ತದೆ. ಆದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣವನ್ನು ತೆಗೆಯಲು ಎಂದೂ ಅವಕಾಶವಿರಕೂಡದು. 1903ರ ತೀರ್ಪಿನ ನೆರಳನ್ನು 2025ರ ಸೂಚನೆಯಲ್ಲಿ ಹೀಗೆ ಕಾಣಬಹುದು.

ಪೋಷಕರ ಮೂಲಕ ಖಾತೆ ತೆರೆಯುವುದಾದರೆ ತಾಯಿಯೂ ರುಜು ಹಾಕಬಹುದು. ಇದು ಹಿಂದೆ ಇಷ್ಟು ಸರಳವಾಗಿರಲಿಲ್ಲ. ಮಗನ ಹೆಸರಿನ ಬಾಂಡಿಗೆ ತಾಯಿಯ ರುಜು ಸಾಲದೆಂಬ ಕಾರಣದಿಂದ ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ತಂದೆ ಬದುಕಿರುವಾಗಲೂ ತಕ್ಕ ಸಂದರ್ಭಗಳಲ್ಲಿ ತಾಯಿ ಸಹಜ ಪೋಷಕಿಯಾಗಬಲ್ಲಳೆಂದು ನ್ಯಾಯಾಲಯ 1999ರಲ್ಲಿ ತೀರ್ಮಾನಿಸಿತು.

ಯಾವ ಕಾಗದಕ್ಕೆ ಎಷ್ಟು ಬೆಲೆ?

ನಿಯಮಗಳು 'ಅಧಿಕೃತವಾಗಿ ಮಾನ್ಯವಾದ ದಾಖಲೆ'ಗಳೆಂದು ಆರನ್ನು ಹೆಸರಿಸಿವೆ. ಪಾಸ್‌ಪೋರ್ಟು, ವಾಹನ ಚಾಲನೆಯ ಲೈಸೆನ್ಸು, ಆಧಾರ್ ಸಂಖ್ಯೆ ಪಡೆದಿರುವುದಕ್ಕೆ ಪುರಾವೆ, ಮತದಾರರ ಗುರುತಿನ ಚೀಟಿ, ರಾಜ್ಯ ಸರಕಾರದ ಅಧಿಕಾರಿಯ ಸಹಿಯುಳ್ಳ ಗ್ರಾಮೀಣ ಉದ್ಯೋಗ ಖಾತರಿಯ ಜಾಬ್ ಕಾರ್ಡು, ರಾಷ್ಟ್ರೀಯ ಜನಸಂಖ್ಯಾ ದಾಖಲೆಯವರು ಕೊಟ್ಟ ಹೆಸರು-ವಿಳಾಸವುಳ್ಳ ಪತ್ರ, ಇವೇ ಆ ಆರು. ನಮ್ಮ ವಿದ್ಯಾರ್ಥಿನಿಯ ದೃಷ್ಟಿಯಿಂದ ಈ ಪಟ್ಟಿಯನ್ನು ಸೋಸಿ ನೋಡೋಣ. ಮತದಾನಕ್ಕೆ 18 ತುಂಬಬೇಕು. ಹದಿನಾರಕ್ಕೆ ಲೈಸೆನ್ಸು ಸಿಗುವುದು ಗೇರಿಲ್ಲದ ಸಣ್ಣ ದ್ವಿಚಕ್ರ ವಾಹನಕ್ಕೆ ಮಾತ್ರ, ಅದೂ ಪೋಷಕರ ಒಪ್ಪಿಗೆಯಿಂದ. ಜಾಬ್ ಕಾರ್ಡು ದೊಡ್ಡವರದು. ಕೊನೆಗೆ ಉಳಿಯುವುದು ಆಧಾರ್ ಮತ್ತು ಪಾಸ್‌ಪೋರ್ಟು, ಎರಡೇ. ಹಳ್ಳಿಯ ಮನೆಯಲ್ಲಿ ಪಾಸ್‌ಪೋರ್ಟು ಅಪರೂಪ.

ಅವಳ ಚೀಲದ ರೇಷನ್ ಕಾರ್ಡು ಈ ಪಟ್ಟಿಯಲ್ಲಿಲ್ಲ. ಶಾಲೆಯ ಗುರುತಿನ ಚೀಟಿಯೂ ಇಲ್ಲ. ಅನೇಕರು ಗುರುತಿನ ಚೀಟಿಯೆಂದು ಭಾವಿಸುವ ಪ್ಯಾನ್ ಕಾರ್ಡೂ ಇಲ್ಲ! ಪ್ಯಾನ್ ಆದಾಯ ತೆರಿಗೆಯ ಲೆಕ್ಕಕ್ಕಾಗಿ ಇರುವ ಸಂಖ್ಯೆ. ಬ್ಯಾಂಕು ಅದನ್ನು ಬೇರೆಯಾಗಿ ಕೇಳುತ್ತದೆ. ಇಲ್ಲದವರು ಅದಕ್ಕೆಂದೇ ಇರುವ ಘೋಷಣಾ ನಮೂನೆಯನ್ನು ತುಂಬಿ ಕೊಡಬಹುದು. ಅಪ್ರಾಪ್ತವಯಸ್ಕರಿಗೆ ಕೊಡುವ ಪ್ಯಾನ್ ಕಾರ್ಡಿನಲ್ಲಿ ಭಾವಚಿತ್ರವೂ ಸಹಿಯೂ ಇರುವುದಿಲ್ಲ. ಮುಖವಿಲ್ಲದ ಚೀಟಿ ಮುಖಕ್ಕೆ ಸಾಕ್ಷಿ ಹೇಳುವುದಾದರೂ ಹೇಗೆ?

ಹಾಗೆಂದು ಆಧಾರ್ ಎಲ್ಲ ಪ್ರಶ್ನೆಗಳಿಗೂ ಉತ್ತರವಲ್ಲ. ಅದು ಗುರುತನ್ನು ಹೇಳುತ್ತದೆ, ವಿಳಾಸವನ್ನು ಹೇಳುತ್ತದೆ. ಹುಟ್ಟಿದ ದಿನಾಂಕಕ್ಕೆ ಅದನ್ನು ನಿರ್ಣಾಯಕ ಪುರಾವೆಯಾಗಿ ಹಿಡಿಯಲಾಗದೆಂದು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ಹೇಳಿದೆ. ವಯಸ್ಸಿನ ಪ್ರಶ್ನೆಗೆ ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆಯೇ ಬೇಕು. ಜನನ ಮರಣ ನೋಂದಣಿಯ 1969ರ ಕಾನೂನಿಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರವೆಂದು ಗೊತ್ತುಪಡಿಸಲಾಗಿದೆ. ಇಂದಿನ ಹದಿಹರೆಯದವರು ಅದಕ್ಕೆ ಹಿಂದೆ ಹುಟ್ಟಿದವರಾದುದರಿಂದ ಅವರಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೂ ಆಸರೆಯಾಗಿದೆ.

ಇಲ್ಲಿ ಒಂದು ತತ್ತ್ವವನ್ನು ಗಮನಿಸಬೇಕು. ದಾಖಲೆಗಳಿಗೂ ವಂಶಾವಳಿಯುಂಟು. ಜನನದ ನೋಂದಣಿಯಿಂದ ಶಾಲೆಯ ದಾಖಲಾತಿ, ಶಾಲೆಯಿಂದ ಅಂಕಪಟ್ಟಿ, ಅವುಗಳ ಆಧಾರದಿಂದ ಮುಂದಿನ ಚೀಟಿಗಳು ಹುಟ್ಟುತ್ತವೆ. ಮೂಲದಲ್ಲಿ ಒಂದು ಅಕ್ಷರ ತಪ್ಪಿದರೆ ಆ ತಪ್ಪು ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದೆ. ಆದುದರಿಂದ ತಿದ್ದುವುದಾದರೆ ಬೇರಿನಿಂದ ತಿದ್ದಿಕೊಂಡು ಬರಬೇಕು.

ಕೊನೆಯ ಅಂಕಿಯ ಕಾವಲು

ಆಧಾರ್ ಸಂಖ್ಯೆಯಲ್ಲಿ ಹನ್ನೆರಡು ಅಂಕಿಗಳಿವೆ. ಮೊದಲ ಹನ್ನೊಂದನ್ನು ನಿಗದಿಪಡಿಸಿದ ಮೇಲೆ ಹನ್ನೆರಡನೆಯದನ್ನು ಆರಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಅದನ್ನು ಗಣಿತವೇ ನಿರ್ಧರಿಸುತ್ತದೆ. ಅದಕ್ಕೆ ಪರೀಕ್ಷಕ ಅಂಕಿ ಎನ್ನಬಹುದು. ಬರೆಯುವಾಗ ಕೈತಪ್ಪಿದರೆ ಅದನ್ನು ಒಡನೆಯೇ ಹಿಡಿಯುವುದು ಅದರ ಕೆಲಸ.

ಮೊದಲು ಸುಲಭವಾದ ಒಂದು ವಿಧಾನವನ್ನು ನೋಡೋಣ. ಡೆಬಿಟ್ ಕಾರ್ಡುಗಳ ಸಂಖ್ಯೆಯಲ್ಲಿ ಬಳಕೆಯಲ್ಲಿರುವ ಇದನ್ನು ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವನು ರೂಪಿಸಿದನು. ಅದಕ್ಕೆ 1960ರಲ್ಲಿ ಪೇಟೆಂಟ್ ದೊರೆಯಿತು. 3614 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಬಲಗಡೆಯಿಂದ ಆರಂಭಿಸಿ ಒಂದು ಬಿಟ್ಟು ಒಂದನ್ನು ಇಮ್ಮಡಿಸಬೇಕು. ಇಮ್ಮಡಿಸಿದಾಗ ಎರಡು ಅಂಕಿ ಬಂದರೆ ಅವೆರಡನ್ನೂ ಕೂಡಿಸಬೇಕು. 4 ಇಮ್ಮಡಿಯಾಗಿ 8 ಆಗುತ್ತದೆ. 1 ಹಾಗೆಯೇ ಉಳಿಯುತ್ತದೆ. 6 ಇಮ್ಮಡಿಯಾಗಿ 12, ಅಂದರೆ 1 ಮತ್ತು 2 ಕೂಡಿ 3. ಕೊನೆಯ 3 ಹಾಗೆಯೇ. ಒಟ್ಟು 8+1+3+3 = 15. ಇದು ಹತ್ತರ ಮುಂದಿನ ಗುಣಕವಾದ 20 ಆಗಲು ಇನ್ನು 5 ಬೇಕು. ಆ 5 ಪರೀಕ್ಷಕ ಅಂಕಿ. ಪೂರ್ತಿ ಸಂಖ್ಯೆ 36145.

ಯಾರಾದರೂ ಅವಸರದಲ್ಲಿ 6 ಮತ್ತು 1ನ್ನು ಅದಲುಬದಲು ಮಾಡಿ 31645 ಎಂದು ಬರೆದರೆನ್ನೋಣ. ಆಗ ಲೆಕ್ಕ 8+6+2+3 = 19; ಬರಬೇಕಾದ ಕೊನೆಯ ಅಂಕಿ 1, ಬರೆದಿರುವುದು 5. ಕಳ್ಳ ಸಿಕ್ಕಿಬಿದ್ದನು! ಒಂದೇ ಅಂಕಿ ತಪ್ಪಾದರೆ ಈ ವಿಧಾನ ಯಾವಾಗಲೂ ಹಿಡಿಯುತ್ತದೆ. ಪಕ್ಕಪಕ್ಕದ ಅಂಕಿಗಳು ಸ್ಥಾನ ಬದಲಿಸಿದರೂ ಹಿಡಿಯುತ್ತದೆ, ಆದರೆ ಒಂದು ಅಪವಾದವುಂಟು. 09 ಇರಬೇಕಾದಲ್ಲಿ 90 ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಏಕೆಂದರೆ 9ನ್ನು ಇಮ್ಮಡಿಸಿದರೆ 18. 1 ಮತ್ತು 8 ಕೂಡಿದರೆ ಮತ್ತೆ 9.

ಈ ಕಿಂಡಿಯನ್ನು ಮುಚ್ಚಿದವನು ಹಾಲೆಂಡಿನ ಗಣಿತಜ್ಞ ಯಾಕೋಬಸ್ ವೆರ್ಹೂಫ್. 1969ರಲ್ಲಿ ಅವನು ಪ್ರಕಟಿಸಿದ ವಿಧಾನವನ್ನೇ ಆಧಾರ್ ಸಂಖ್ಯೆಯಲ್ಲಿ ಬಳಸಿದ್ದಾರೆ. ಅವನ ಉಪಾಯ ಬಲು ಸೊಗಸಾದದ್ದು. ರಟ್ಟಿನಲ್ಲಿ ಒಂದು ಸಮಪಂಚಭುಜವನ್ನು ಕತ್ತರಿಸಿ ಮೇಜಿನ ಮೇಲಿಡಿ. ಅದರ ಹೊರರೇಖೆ ಮೊದಲಿನಂತೆಯೇ ಕೂಡುವಂತೆ ಅದನ್ನು ಎಷ್ಟು ಬಗೆಯಲ್ಲಿ ಇಡಬಹುದು? ತಿರುಗಿಸಿ ಐದು ಬಗೆ, ಮಗುಚಿ ಐದು ಬಗೆ, ಒಟ್ಟು ಹತ್ತು. ನಮ್ಮ ಅಂಕಿಗಳೂ 0ಯಿಂದ 9ರವರೆಗೆ ಹತ್ತು. ಒಂದೊಂದು ಅಂಕಿಗೆ ಒಂದೊಂದು ಚಲನೆಯನ್ನು ಹೊಂದಿಸಿದರೆ ಅಂಕಿಗಳನ್ನು ಕೂಡಿಸುವ ಬದಲು ಚಲನೆಗಳನ್ನು ಒಂದರ ಮೇಲೊಂದು ಮಾಡುತ್ತಾ ಹೋಗಬಹುದು. ಸಾಮಾನ್ಯ ಸಂಕಲನದಲ್ಲಿ 2+3 ಆದರೂ 3+2 ಆದರೂ ಒಂದೇ. ಪಂಚಭುಜದಲ್ಲಿ ಹಾಗಲ್ಲ. ಮೊದಲು ತಿರುಗಿಸಿ ಆಮೇಲೆ ಮಗುಚಿದರೆ ಒಂದು ಫಲ, ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಇನ್ನೊಂದು ಫಲ. ಕ್ರಮ ಬದಲಾದರೆ ಫಲವೂ ಬದಲಾಗಬಲ್ಲದೆಂಬ ಈ ಗುಣವನ್ನು ಬಳಸಿಕೊಂಡು, ಅಂಕಿಯ ಸ್ಥಾನಕ್ಕೆ ತಕ್ಕಂತೆ ಇನ್ನೊಂದು ಮಾರ್ಪಾಡನ್ನೂ ಸೇರಿಸಿ, ಪಕ್ಕದಂಕಿಗಳ ಅದಲುಬದಲನ್ನೆಲ್ಲ ಹಿಡಿಯುವಂತೆ ಅವನು ಮಾಡಿದನು.

ಆದರೆ ಈ ಕಾವಲುಗಾರನ ಮಿತಿಯನ್ನು ಮರೆಯಬಾರದು. ಸಂಖ್ಯೆಯನ್ನು ತಪ್ಪಿಲ್ಲದೆ ಬರೆದಿದೆ ಎಂದಷ್ಟೇ ಅವನು ಹೇಳಬಲ್ಲನು. ಆ ಸಂಖ್ಯೆ ಎದುರಿಗೆ ನಿಂತಿರುವ ಹುಡುಗಿಯದೇ ಎಂದು ಹೇಳಲಾರನು.

ಹೆಸರಿನ ತೊಡಕು

ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹೀಗೆ ಮೂರು ಭಾಗಗಳ ಹೆಸರು ರೂಢಿಯಲ್ಲಿದೆ. ಕೆಲವು ದಾಖಲೆಗಳಲ್ಲಿ ಅಡ್ಡಹೆಸರು ಕೊನೆಗೆ ಬರುತ್ತದೆ, ಕೆಲವುಗಳಲ್ಲಿ ಮೊದಲಿಗೆ. ಇನ್ನು ಕೆಲವುಗಳಲ್ಲಿ ತಂದೆಯ ಹೆಸರು ಬರಿಯ ಒಂದಕ್ಷರವಾಗಿ ಕುಗ್ಗಿರುತ್ತದೆ. ಮನುಷ್ಯನ ಕಣ್ಣಿಗೆ ಇವೆಲ್ಲ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಪ್ಯಾನ್ ಸಂಖ್ಯೆಯಲ್ಲಂತೂ ಐದನೆಯ ಅಕ್ಷರ ಅಡ್ಡಹೆಸರಿನ ಮೊದಲ ಅಕ್ಷರವೇ ಆಗಿರುವುದರಿಂದ, ಯಾವುದು ಅಡ್ಡಹೆಸರೆಂದು ಅರ್ಜಿಯಲ್ಲಿ ತಪ್ಪಾಗಿ ತುಂಬಿದರೆ ಆ ತಪ್ಪು ಸಂಖ್ಯೆಯೊಳಗೇ ಸೇರಿಕೊಳ್ಳುತ್ತದೆ.

ಇದರೊಡನೆ ಲಿಪಿಯ ತೊಡಕೂ ಇದೆ. ಅಥಣಿಯ ಸುತ್ತ ಕನ್ನಡವೂ ಮರಾಠಿಯೂ ಬಳಕೆಯಲ್ಲಿವೆ. ಕಂಪ್ಯೂಟರಿನಲ್ಲಿ ಹೆಸರು ಸೇರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಸ್ಪಷ್ಟ. ಇಂಗ್ಲಿಷಿಗೆ ಹೋದಾಗ ಅವು ಬರೆಯುವವನ ಮನಸ್ಸಿಗೆ ಬಂದಂತೆ ಆಗುತ್ತವೆ. ಪಾಟೀಲ ಎಂಬ ಅಡ್ಡಹೆಸರಿನ 'ಟೀ' ಕಾರಕ್ಕೆ ಒಬ್ಬರು 'ಐ' ಅಕ್ಷರ ಬರೆದರೆ ಇನ್ನೊಬ್ಬರು ಎರಡು 'ಇ' ಬರೆಯುತ್ತಾರೆ.

ಎರಡು ಹೆಸರುಗಳ ನಡುವಿನ ದೂರವನ್ನು ಅಳೆಯಬಹುದೆ? ಅಳೆಯಬಹುದು. ರಷ್ಯದ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಅದಕ್ಕೊಂದು ಅಳತೆಗೋಲನ್ನು ಸೂಚಿಸಿದನು. ಒಂದು ಪದವನ್ನು ಇನ್ನೊಂದಾಗಿ ಮಾರ್ಪಡಿಸಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬುದೇ ಆ ಪದಗಳ ನಡುವಣ ದೂರ. ಮೇಲಿನ ಎರಡು ಬಗೆಯ ಪಾಟೀಲರ ನಡುವೆ ದೂರ 2: 'ಐ'ಯನ್ನು 'ಇ'ಯಾಗಿ ಬದಲಿಸಿ, ಇನ್ನೊಂದು 'ಇ' ಸೇರಿಸಬೇಕು. ಈಗ ಪಟೇಲ ಎಂಬ ಬೇರೆಯೇ ಅಡ್ಡಹೆಸರನ್ನು ನೋಡಿ. ಇಂಗ್ಲಿಷಿನಲ್ಲಿ ಮೊದಲ ಪಾಟೀಲಕ್ಕೂ ಅದಕ್ಕೂ ವ್ಯತ್ಯಾಸ ಒಂದೇ ಅಕ್ಷರ. ದೂರ 1! ಒಂದೇ ಹೆಸರಿನ ಎರಡು ಬರಹಗಳು ದೂರವಾಗಿ, ಎರಡು ಬೇರೆ ಹೆಸರುಗಳು ಹತ್ತಿರವಾದವು. ಯಂತ್ರವು ಅನುಮಾನ ಪಟ್ಟು ಅರ್ಜಿಯನ್ನು ಬದಿಗಿಟ್ಟರೆ ಅದನ್ನು ಮೂರ್ಖವೆನ್ನಲಾಗದು. ಅದಕ್ಕೆ ಸಿಕ್ಕ ಸಾಕ್ಷ್ಯವೇ ಅಷ್ಟು.

ನಮ್ಮ ವಿದ್ಯಾರ್ಥಿನಿ ಏನು ಮಾಡಬೇಕು? ಅವಳು ತನ್ನ ಅಂಕಪಟ್ಟಿಯನ್ನೂ ಜನನ ಪ್ರಮಾಣಪತ್ರವನ್ನೂ ಮೊದಲು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಬೇಕು. ಮುಂದಿನ ವಿದ್ಯಾಭ್ಯಾಸಕ್ಕೂ ನೌಕರಿಗೂ ಅಂಕಪಟ್ಟಿಯೇ ಮೇಲ್ಪಂಕ್ತಿಯಾಗುವುದರಿಂದ, ಅದರಲ್ಲಿ ಹೆಸರು ಸರಿಯಾಗಿದ್ದರೆ ಆಧಾರನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಆದರೆ ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಸಾಮಾನ್ಯವಾಗಿ ಅವಕಾಶವುಂಟು. ಆದುದರಿಂದ ಹೇಗೆ ಬರೆಯಿಸಬೇಕೆಂಬುದನ್ನು ಕಾಗದದ ಮೇಲೆ ಬರೆದುಕೊಂಡು ಕೇಂದ್ರಕ್ಕೆ ಹೋಗಬೇಕು. ಅಲ್ಲಿಯವರು ತೋರಿಸುವ ಪರದೆಯನ್ನು ಪೂರ್ತಿ ಓದದೆ ಒಪ್ಪಿಗೆ ಕೊಡಬಾರದು. ಆಧಾರ್ ಸರಿಯಾದ ಮೇಲೆಯೇ ಬ್ಯಾಂಕಿಗೆ ಹೋಗುವುದು.

ಊರಿನ ಹೆಸರು ಬದಲಾದಾಗ

ಮನುಷ್ಯರ ಹೆಸರಿಗಿರುವ ತೊಡಕು ಊರಿಗೂ ಉಂಟು. ಅಥಣಿಯನ್ನೇ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುವ ರೂಢಿಯಿದೆ. ನಡುವಿನ ಒಂದು 'ಎ' ಅಕ್ಷರ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿತ್ತು. 2014ರ ನವೆಂಬರ್ 1ರಂದು ಇಂಗ್ಲಿಷಿನ ಬೆಲ್ಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. 2017–18ರ ಸುಮಾರಿಗೆ ಅಥಣಿ ತಾಲ್ಲೂಕಿನಿಂದ ಕಾಗವಾಡವೂ ಚಿಕ್ಕೋಡಿಯಿಂದ ನಿಪ್ಪಾಣಿಯೂ ಬೇರೆ ತಾಲ್ಲೂಕುಗಳಾದವು. ಉಗಾರ, ಐನಾಪುರ, ಶೇಡಬಾಳಗಳ ಮನೆಗಳು ಇದ್ದಲ್ಲಿಯೇ ಇವೆ. ಅವುಗಳ ತಾಲ್ಲೂಕು ಮಾತ್ರ ಬದಲಾಗಿದೆ. ತಂದೆಯ ಚೀಟಿಯಲ್ಲಿ ಅಥಣಿ ತಾಲ್ಲೂಕು, ಮಗಳ ಚೀಟಿಯಲ್ಲಿ ಕಾಗವಾಡ ತಾಲ್ಲೂಕು ಎಂದಿದ್ದರೆ ಅದರಲ್ಲಿ ಮೋಸವೇನೂ ಇಲ್ಲ. ಇತಿಹಾಸವಿದೆ, ಅಷ್ಟೆ. ಇಂಥ ಸಂದೇಹ ಬಂದಾಗ ವಿನಯದಿಂದ ವಿವರಿಸುವಷ್ಟು ತಿಳಿವಳಿಕೆ ವಿದ್ಯಾರ್ಥಿಗಿರಬೇಕು.

ವಾಸಸ್ಥಳವೇ ಬದಲಾಗಿ, ದಾಖಲೆಯಲ್ಲಿ ಹಳೆಯ ವಿಳಾಸವಿದ್ದರೂ ದಾರಿಯುಂಟು. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಅಥವಾ ನೀರಿನ ಬಿಲ್ಲು, ಮನೆ ತೆರಿಗೆಯ ರಸೀದಿ ಮೊದಲಾದವನ್ನು ವಿಳಾಸಕ್ಕೆ ಮಾತ್ರ ತಾತ್ಕಾಲಿಕ ಪುರಾವೆಯಾಗಿ ಒಪ್ಪುತ್ತಾರೆ. ನಮ್ಮ ಕಡೆ ಹೆಸ್ಕಾಂ ಬಿಲ್ಲು ಇದಕ್ಕೆ ಸಾಕು. ಆದರೆ ಮೂರು ತಿಂಗಳೊಳಗೆ ಹೊಸ ವಿಳಾಸವುಳ್ಳ ಅಧಿಕೃತ ದಾಖಲೆಯನ್ನು ಒದಗಿಸಬೇಕು.

ಇನ್ನು ಕಾಗದಗಳೇ ಇಲ್ಲವಾದರೆ? 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದು ಅಥಣಿ, ಚಿಕ್ಕೋಡಿ, ರಾಯಬಾಗ ಭಾಗದ ದಂಡೆಯ ಹಳ್ಳಿಗಳು ಮುಳುಗಿದುದನ್ನು ಇಲ್ಲಿಯವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ದನಕರುಗಳನ್ನೂ ಮಕ್ಕಳನ್ನೂ ಹೊರಗೆ ಸಾಗಿಸುವುದೇ ಕಷ್ಟ. ಪೆಟ್ಟಿಗೆಯೊಳಗಿನ ಕಾಗದಗಳ ನೆನಪು ಯಾರಿಗೆ ಬಂದೀತು? 2015ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಡಿಜಿಲಾಕರ್ ಇಂಥವರಿಗೆ ಬಹಳ ಉಪಕಾರಿ. ಕೊಟ್ಟ ಇಲಾಖೆಯೇ ನೇರವಾಗಿ ಅದರಲ್ಲಿರಿಸಿದ ದಾಖಲೆ ಕಾನೂನಿನ ಕಣ್ಣಿನಲ್ಲಿ ಮೂಲ ಪ್ರತಿಗೆ ಸಮಾನ. ನಾವೇ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡ ಪ್ರತಿಗೆ ಆ ಮಾನ್ಯತೆಯಿಲ್ಲ.

ಬೆರಳಿನ ಸಾಕ್ಷಿ

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡನು. ಮುಂದೆ ಅಲ್ಲಗಳೆಯದಿರಲಿ ಎಂಬುದು ಅವನ ಉದ್ದೇಶ. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಬೆರಳಚ್ಚುಗಳ ಮೇಲೆ ಗ್ರಂಥವನ್ನೇ ಬರೆದನು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪನೆಯಾಯಿತು. ಅಲ್ಲಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾದ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಪರಿಶ್ರಮವಿತ್ತು.

ಬೆರಳಿನ ಏಣುಗಳು ನಾವು ತಾಯಿಯ ಗರ್ಭದಲ್ಲಿರುವಾಗಲೇ ಮೂಡುತ್ತವೆ. ಅವುಗಳ ವಿನ್ಯಾಸ ಮುಂದೆ ಬದಲಾಗುವುದಿಲ್ಲ. ಆದರೆ ಕೈ ಬೆಳೆಯುತ್ತದೆ. ಉಬ್ಬಿದ ಬಲೂನಿನ ಮೇಲಿನ ಚಿತ್ರದಂತೆ ಏಣುಗಳ ನಡುವಣ ಅಂತರ ಹೆಚ್ಚುತ್ತದೆ. ಈ ಕಾರಣದಿಂದಲೇ ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದ ಆಧಾರ್ ಕೊಟ್ಟು, 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಮತ್ತೊಮ್ಮೆ ಬೆರಳು, ಕಣ್ಣು, ಮುಖಗಳ ದಾಖಲೆಯನ್ನು ಹೊಸದಾಗಿ ತೆಗೆದುಕೊಳ್ಳುತ್ತಾರೆ. 15ರಿಂದ 17ರೊಳಗೆ ಮಾಡಿಸಿದರೆ ಇದಕ್ಕೆ ಶುಲ್ಕವಿಲ್ಲ. ನಮ್ಮ ವಿದ್ಯಾರ್ಥಿನಿ ಇದನ್ನು ಮಾಡಿಸಿರದಿದ್ದರೆ ಬ್ಯಾಂಕಿನ ಯಂತ್ರದ ಮೇಲೆ ಅವಳ ಇಂದಿನ ಬೆರಳು ಬಾಲ್ಯದ ಬೆರಳಿಗೆ ಹೊಂದದೆ ಹೋದೀತು.

ಅಥಣಿಯ ಚರ್ಮದ ಚಪ್ಪಲಿಗಳು ದೂರದೂರಕ್ಕೆ ಹೆಸರಾಗಿವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಆ ಚರ್ಮವನ್ನು ಹದಮಾಡಿ ಹೊಲಿಯುವ ಕೈಗಳ, ಕಬ್ಬು ಕಡಿಯುವ ಕೈಗಳ ಬೆರಳಿನ ಏಣುಗಳು ತೇಯ್ದಿರುತ್ತವೆ. ಚಪ್ಪಲಿಗೆ ಗುರುತು ತಂದ ಕೈಯನ್ನೇ ಯಂತ್ರ ಗುರುತಿಸದೆ ಹೋಗುವುದು ವಿಷಾದದ ಸಂಗತಿ. ಮೇಲುಚರ್ಮ ಮಾತ್ರ ಸವೆದಿದ್ದರೆ ಒಳಪದರದ ವಿನ್ಯಾಸದಂತೆಯೇ ಏಣುಗಳು ಮತ್ತೆ ಬೆಳೆಯುತ್ತವೆ. ಅದಕ್ಕೆ ಕೆಲಸದಿಂದ ಬಿಡುವು ಬೇಕು. ಅಂಥ ಪೋಷಕರು ಕಣ್ಣಿನ ಪಾಪೆಯ ಗುರುತನ್ನಾಗಲಿ, ನೋಂದಾಯಿತ ಫೋನಿಗೆ ಬರುವ ಸಂಕೇತವನ್ನಾಗಲಿ ಬಳಸಬಹುದು. ಯಂತ್ರದ ಪರೀಕ್ಷೆಯೇ ಇಲ್ಲದೆ ಆಧಾರ್ ಚೀಟಿಯನ್ನು ದಾಖಲೆಯಾಗಿ ಕೊಡುವುದಕ್ಕೂ ಅವಕಾಶವುಂಟು.

ಕೊಡುವಾಗ ಎಚ್ಚರ

ಗುರುತನ್ನು ತೋರಿಸುವುದೂ ಗುರುತನ್ನು ಒಪ್ಪಿಸಿಬಿಡುವುದೂ ಒಂದೇ ಅಲ್ಲ. ಈ ಭೇದವನ್ನು ನ್ಯಾಯಾಲಯದ ಮುಂದಿಟ್ಟವರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಮೊದಲಿಗರು. ಅವರ ಹೆಸರಿನ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಬ್ಯಾಂಕ್ ಖಾತೆಗೆ ಆಧಾರನ್ನು ಕಡ್ಡಾಯ ಮಾಡುವಂತಿಲ್ಲವೆಂದು 2018ರ ಸೆಪ್ಟೆಂಬರ್ 26ರಂದು ತೀರ್ಪು ಬಂದಿತು. ಆಧಾರ್ ಇಲ್ಲವೆಂಬ ಕಾರಣದಿಂದ ಯಾವ ಮಗುವಿಗೂ ಯೋಜನೆಯ ಲಾಭವನ್ನು ನಿರಾಕರಿಸಬಾರದೆಂದೂ ಅದೇ ತೀರ್ಪು ಹೇಳಿತು. ಆದರೆ ಸರಕಾರದ ಸಹಾಯಧನ ಖಾತೆಗೆ ಬರಬೇಕೆಂದು ಬಯಸುವವರು ಆಧಾರನ್ನೇ ಕೊಡಬೇಕಾಗುತ್ತದೆ. ನೇರ ವರ್ಗಾವಣೆಯ ಹಣ ಕೊನೆಯದಾಗಿ ಆಧಾರಿಗೆ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಹಿಂದೆಂದೋ ತೆರೆದು ಮರೆತ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ವಿದ್ಯಾರ್ಥಿವೇತನ ಅಲ್ಲಿಗೇ ಹೋಗಿ ಕುಳಿತಿರುತ್ತದೆ! ಹೊಸ ಖಾತೆ ತೆರೆದ ದಿನವೇ ಜೋಡಣೆಯನ್ನು ಕುರಿತು ವಿಚಾರಿಸಿಕೊಳ್ಳುವುದು ಒಳ್ಳೆಯದು.

ದಾಖಲೆಯ ನಕಲನ್ನು ಯಾರಿಗೆ ಕೊಟ್ಟರೂ ಯಾವ ಕೆಲಸಕ್ಕಾಗಿ ಎಂಬುದನ್ನೂ ತಾರೀಖನ್ನೂ ಅದರ ಮೇಲೆ ಅಡ್ಡವಾಗಿ ಬರೆದು ಸಹಿ ಮಾಡಬೇಕು. ಪೂರ್ತಿ ಸಂಖ್ಯೆ ಅನಾವಶ್ಯಕವಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿದ ಆಧಾರ್ ಪ್ರತಿಯನ್ನು ಕೊಡಬೇಕು. ಸಹಿಯನ್ನು ಕನ್ನಡದಲ್ಲಿಯೇ ಹಾಕಬಹುದು. ಎಂದೂ ಒಂದೇ ಬಗೆಯಾಗಿ ಹಾಕಬೇಕು. 18 ತುಂಬಿದಾಗ ಬ್ಯಾಂಕು ಹೊಸದಾಗಿ ಮಾದರಿ ಸಹಿಯನ್ನೂ ಸೂಚನೆಗಳನ್ನೂ ಕೇಳುತ್ತದೆ. ಆ ದಿನವನ್ನು ನೆನಪಿಡಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಖಾತೆಯನ್ನು ಕೆಲವು ದಿನ ಉಪಯೋಗಿಸಲು ಕೊಟ್ಟರೆ ಹಣ ಕೊಡುತ್ತೇವೆಂದು ಕಾಲೇಜು ಹುಡುಗರಿಗೆ ಆಸೆ ತೋರಿಸುವವರಿದ್ದಾರೆ. ದೂರದಲ್ಲಿ ಯಾರನ್ನೋ ವಂಚಿಸಿದ ಹಣ ಆ ಖಾತೆಯ ಮೂಲಕ ಹಾಯ್ದುಹೋಗುತ್ತದೆ. ಪೊಲೀಸರು ಹುಡುಕಿ ಬರುವುದು ಖಾತೆಯ ದಾಖಲೆಗಳಲ್ಲಿರುವ ಹೆಸರನ್ನು, ಅಂದರೆ ವಿದ್ಯಾರ್ಥಿಯ ಹೆಸರನ್ನು. ಇಂಥ ಬಾಡಿಗೆ ಖಾತೆಗಳನ್ನು ಪತ್ತೆಹಚ್ಚಲು ರಿಸರ್ವ್ ಬ್ಯಾಂಕಿನ ಬೆಂಗಳೂರಿನ ನಾವೀನ್ಯ ಕೇಂದ್ರವು ಕೃತಕ ಬುದ್ಧಿಯ ಸಾಧನವನ್ನೂ ಸಿದ್ಧಪಡಿಸಿದೆ. ವಂಚನೆಗೆ ಸಿಕ್ಕಿದ್ದೇವೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

ನಮ್ಮ ವಿದ್ಯಾರ್ಥಿನಿಯ ಕಡೆಗೆ ಮತ್ತೊಮ್ಮೆ ನೋಡೋಣ. ರೇಷನ್ ಕಾರ್ಡನ್ನೂ ಶಾಲೆಯ ಚೀಟಿಯನ್ನೂ ಅವಳು ಮನೆಯಲ್ಲಿಯೇ ಬಿಟ್ಟಿದ್ದಾಳೆ. ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಅಂಕಪಟ್ಟಿ, ಗುರುತಿಗೂ ವಿಳಾಸಕ್ಕೂ ತಿದ್ದಿಸಿದ ಆಧಾರ್, ಪ್ಯಾನ್ ಇಲ್ಲದುದಕ್ಕೆ ಘೋಷಣೆ, ಇವಿಷ್ಟೇ ಅವಳ ಕೈಯಲ್ಲಿವೆ. ಎಲ್ಲದರಲ್ಲಿಯೂ ಹೆಸರು ಅಕ್ಷರಶಃ ಒಂದೇ ಆಗಿದೆ. ಕಾಗದಗಳ ಸಂಖ್ಯೆ ಹೆಚ್ಚಿದಷ್ಟೂ ಪುರಾವೆ ಗಟ್ಟಿಯಾಗುತ್ತದೆ ಎಂದು ನಾವು ತಿಳಿಯುವುದುಂಟು; ನಿಜವಾಗಿ ಪುರಾವೆ ಗಟ್ಟಿಯಾಗುವುದು ಕಾಗದಗಳು ಒಂದಕ್ಕೊಂದು ಒಪ್ಪಿದಾಗ. ಹತ್ತು ಸಾಕ್ಷಿಗಳು ಹತ್ತು ಮಾತನ್ನಾಡುವುದಕ್ಕಿಂತ ಇಬ್ಬರು ಒಂದೇ ಮಾತನ್ನಾಡುವುದು ಲೇಸಲ್ಲವೆ?